ಬಾಣ ತಗುಲಿದ ಜಾಗ ಕಾಣಬೇಕು: ಅಗ್ಗದ ಆಕ್ಷನ್ ಕ್ಯಾಮೆರಾವನ್ನು ಬಿಲ್ಲುಬೇಟೆಗೆ ಒಯ್ಯುವ ಮುನ್ನ ಪರೀಕ್ಷಿಸುವ ಕ್ರಮ

ರಾಟೆಗಳಿರುವ ಕಾಂಪೌಂಡ್ ಬಿಲ್ಲಿನ ಹೆದೆ ಬಿಟ್ಟ ಬಾಣ 20 ಗಜ ದೂರದ ಜಿಂಕೆಯನ್ನು ಮುಟ್ಟಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಸಾಕು. ಆ ಗಳಿಗೆಯಲ್ಲಿ ಬೇಟೆಗಾರನ ಎದೆ ಬಡಿದುಕೊಳ್ಳುತ್ತಿರುತ್ತದೆ, ಬೆಳಕು ಆಗಲೇ ಮಾಸಿರುತ್ತದೆ. ಬಾಣ ಎಲ್ಲಿ ತಗುಲಿತೆಂದು ಮರುಕ್ಷಣವೇ ಕೇಳಿದರೂ ನಾವು ಕೊಡುವ ಉತ್ತರದಲ್ಲಿ ಕಂಡದ್ದಕ್ಕಿಂತ ಆಸೆಯೇ ಹೆಚ್ಚಿರುತ್ತದೆ.

ಇದನ್ನು ನನಗೆ ಕಲಿಸಿದ್ದು ಒಂದು ಹೆಣ್ಣು ಜಿಂಕೆ. ಎರಡು ಋತುಗಳ ಹಿಂದೆ, ಚಳಿ ಬಿಗಿಯಾಗಿದ್ದ ಒಂದು ಸಂಜೆ, ಬಾಣ ಶ್ವಾಸಕೋಶಕ್ಕೇ ಹೊಕ್ಕಿತೆಂದು ನಾನು ಖಚಿತವಾಗಿ ನಂಬಿದೆ. ಅರ್ಧ ಗಂಟೆ ಕಾದು ಅಟ್ಟಣೆಯಿಂದ ಇಳಿದು ಜಾಡು ಹಿಡಿದೆ. ನೂರು ಮೀಟರ್ ಹೋಗುವಷ್ಟರಲ್ಲಿ, ಮಲಗಿದ್ದ ಜಿಂಕೆ ನನ್ನ ಸದ್ದಿಗೆ ಎದ್ದು ಮತ್ತೆ ಓಡಿತು. ಅದು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಬಾಣ ಹೊಕ್ಕಿದ್ದು ಯಕೃತ್ತಿಗೆ. ಕೆಲವು ಗಂಟೆ ಸುಮ್ಮನೆ ಕಾದಿದ್ದರೆ ಅದು ಮೊದಲು ಮಲಗಿದ ಜಾಗದಲ್ಲೇ ಸಾಯುತ್ತಿತ್ತು, ಆ ಎರಡನೆಯ ಓಟದ ನೋವು ಅದಕ್ಕೆ ಇರುತ್ತಿರಲಿಲ್ಲ. ನನ್ನ ಬಿಲ್ಲಿನ ಮೇಲೆ ಆ ಸಂಜೆ ಒಂದು ಅಗ್ಗದ ಆಕ್ಷನ್ ಕ್ಯಾಮೆರಾ, ಅಂದರೆ ಎಲ್ಲಿ ಬೇಕಾದರೂ ಕೂರಿಸಬಹುದಾದ ಪುಟ್ಟ ವಿಡಿಯೊ ಕ್ಯಾಮೆರಾ, ಇತ್ತು. ಚಳಿಗೆ ಅದರ ಬ್ಯಾಟರಿ ಕುಸಿದು, ಬಾಣ ಬಿಡುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಅದು ಸದ್ದಿಲ್ಲದೆ ಆರಿಹೋಗಿತ್ತು.

ಅಂದಿನಿಂದ, ಮನೆಯಲ್ಲೂ ಅಭ್ಯಾಸದ ಮೈದಾನದಲ್ಲೂ ಪರೀಕ್ಷಿಸದ ಯಾವ ಕ್ಯಾಮೆರಾವನ್ನೂ ನಾನು ಮರ ಹತ್ತಿಸುವುದಿಲ್ಲ. ಆ ಪರೀಕ್ಷೆಗಳನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಪರವಾನಗಿ ಪಡೆದು, ಋತುವಿನ ನಿಯಮಗಳೊಳಗೆ ಒಂಟಿಯಾಗಿ ಬಿಲ್ಲುಬೇಟೆಗೆ ಹೋಗುವವರನ್ನು, ಅದರಲ್ಲೂ ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಗೆ ಮರಸು ಕೂರುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಬೇಟೆಗೆ ಅವಕಾಶವಿಲ್ಲದ ಕಡೆ ಪ್ರಾಣಿಯಾಕಾರದ 3ಡಿ ಗುರಿಗಳಿಗೆ ಬಾಣ ಬಿಡುವವರಿಗೂ ಇವೇ ಪರೀಕ್ಷೆಗಳು ಸಾಕಾಗುತ್ತವೆ.

ಮೊದಲು ಕೆಲಸವನ್ನು ನಿಗದಿ ಮಾಡಿ

ಕ್ಯಾಮೆರಾದ ಪೆಟ್ಟಿಗೆ ಬಿಚ್ಚುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಇದರಿಂದ ನನಗೆ ಬೇಕಾದ ದೃಶ್ಯ ಯಾವುದು? ಕಾಡಿನಂಚಿನಿಂದ ಜಿಂಕೆ ಹೊರಬರುವುದು, ಅದರ ಕಿವಿ ಆಡುವುದು, ಉಸಿರು ಹಬೆಯಾಗುವುದು, ಇಂಥವೆಲ್ಲ ಬೇಕಾದರೆ ಜೂಮ್ ಇರುವ ಬೇರೆ ಕ್ಯಾಮೆರಾವೇ ಬೇಕು. ಆಕ್ಷನ್ ಕ್ಯಾಮೆರಾದ ಮಸೂರ ಅಗಲ ನೋಟಕ್ಕೆ ಮಾಡಿದ್ದು. ಹತ್ತಿರದ್ದನ್ನೆಲ್ಲ ಬಾಚಿಕೊಳ್ಳುತ್ತದೆ, ದೂರದ್ದನ್ನು ಚುಕ್ಕೆಯಾಗಿಸುತ್ತದೆ. ಅದಕ್ಕೆ ಎಷ್ಟು ಬೆಲೆ ಕೊಟ್ಟರೂ ಈ ಗುಣ ಬದಲಾಗದು.

ಅಗ್ಗದ ಆಕ್ಷನ್ ಕ್ಯಾಮೆರಾದಿಂದ ನಾನು ಕೇಳುವುದು ಎರಡೇ. ಒಂದು, 20 ಗಜದೊಳಗೆ ಬಾಣ ಪ್ರಾಣಿಯ ಮೈಯಲ್ಲಿ ಎಲ್ಲಿ ತಗುಲಿತು, ಆಮೇಲೆ ಪ್ರಾಣಿ ಯಾವ ದಿಕ್ಕಿಗೆ ಹೋಯಿತು ಎಂಬುದು ತಿಳಿಯುವಂತಿರಬೇಕು. ಎರಡು, ಅದು ಅಲ್ಲಿದೆ ಎಂಬುದನ್ನೇ ನಾನು ಮರೆಯುವಂತಿರಬೇಕು. ಕ್ಯಾಮೆರಾದ ಗುಂಡಿಗಾಗಿ ತಡಕಾಡುತ್ತಾ ಹೆದೆ ಎಳೆಯುವ ಮನುಷ್ಯ ಕೆಟ್ಟ ಬಾಣ ಬಿಡುತ್ತಾನೆ. ಮುಂದಿನ ಪ್ರತಿಯೊಂದು ಪರೀಕ್ಷೆಯೂ ಈ ಎರಡು ಬೇಡಿಕೆಗಳಿಗೆ ಸಂಬಂಧಿಸಿದ್ದು.

ಮೇಜಿನ ಮೇಲಿನ ಪರೀಕ್ಷೆಗಳು

ಮೆಮೊರಿ ಕಾರ್ಡಿನಿಂದ ಆರಂಭಿಸಿ. ಕ್ಯಾಮೆರಾ ಕೆಟ್ಟಿದೆ ಎಂದು ಹಿಂದಿರುಗಿಸುವವರಲ್ಲಿ ಎಷ್ಟೋ ಜನರಿಗೆ ತೊಂದರೆ ಕೊಟ್ಟದ್ದು ಕಾರ್ಡ್ ಆಗಿರುತ್ತದೆ ಎಂಬುದು ನನ್ನ ಅನಿಸಿಕೆ. ಕಾರ್ಡಿನ ಮೇಲೆ ಯು3 ಅಥವಾ ವಿ30 ಎಂಬ ಗುರುತಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯಬಲ್ಲದು ಎಂದರ್ಥ, ಅಗ್ಗದ ಕ್ಯಾಮೆರಾಗಳಿಗೆ ಅದು ಧಾರಾಳವಾಯಿತು. ಆದರೆ ನಕಲಿ ಕಾರ್ಡ್‌ಗಳಲ್ಲೂ ಇದೇ ಗುರುತು ಇರುತ್ತದೆ. ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಉಚಿತ ತಂತ್ರಾಂಶ ಓಡಿಸಿ ಕಾರ್ಡನ್ನು ಪೂರ್ತಿ ತುಂಬಿಸಿ ಓದಿಸಿ. 64 ಜಿಬಿ ಎಂದು ಬರೆದ ಕಾರ್ಡಿನಲ್ಲಿ ನಿಜವಾಗಿ 8 ಜಿಬಿ ಇದ್ದರೆ ಅದು ಇಲ್ಲೇ ಗೊತ್ತಾಗಲಿ. ನಂತರ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಈಗ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ನೋಡಿ. ಬೀಪ್ ಸದ್ದು, ಮಿನುಗುವ ದೀಪ, ವೈಫೈ ಮೂರನ್ನೂ ಆರಿಸಿ. ಪರದೆ 30 ಸೆಕೆಂಡಿಗೆ ಆರುವಂತೆ ಮಾಡಿ. ತಾನಾಗಿಯೇ ಆಫ್ ಆಗುವ ವ್ಯವಸ್ಥೆಯನ್ನು ತೆಗೆದುಹಾಕಿ. ದಿನಾಂಕ, ಸಮಯ ಸರಿಪಡಿಸಿ. ಬಾಣ ಬಿಟ್ಟ ನಿಖರ ಸಮಯ ಮುಂದೆ ಬೇಕಾಗುತ್ತದೆ. ಬಳಿಕ ಬ್ಯಾಟರಿ ಹೊರತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಕೆಲವು ಅಗ್ಗದ ಮಾದರಿಗಳು ಇಷ್ಟಕ್ಕೇ ಎಲ್ಲವನ್ನೂ ಮರೆತು ಬೀಪ್ ಸಮೇತ ಎಚ್ಚರಗೊಳ್ಳುತ್ತವೆ. ಅಂಥದ್ದಾದರೆ ಅಟ್ಟಣೆಯ ಮೇಲೆ ಬ್ಯಾಟರಿ ಬದಲಿಸುವ ಯೋಚನೆಯನ್ನೇ ಬಿಡಬೇಕು.

ಮುಂದಿನದು 4ಕೆ ಎಂಬ ಹೇಳಿಕೆಯ ಪರೀಕ್ಷೆ. ನಿಜವಾದ 4ಕೆ ದೃಶ್ಯದಲ್ಲಿ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ಚಿಕ್ಕ ಸೆನ್ಸರ್ ಕಂಡದ್ದನ್ನೇ ಹಿಗ್ಗಿಸಿ 4ಕೆ ಎಂದು ಬರೆಯುವ ಕ್ಯಾಮೆರಾಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಒಂದು ದಿನಪತ್ರಿಕೆಯ ಪುಟವನ್ನು ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಿಂದ ಒಮ್ಮೆ 4ಕೆಯಲ್ಲಿ, ಒಮ್ಮೆ 1080ಪಿಯಲ್ಲಿ ಹಗಲು ಬೆಳಕಿನಲ್ಲಿ ಚಿತ್ರೀಕರಿಸಿ. ಎರಡನ್ನೂ ಒಂದೇ ಗಾತ್ರಕ್ಕೆ ಹಿಗ್ಗಿಸಿ ಅಕ್ಕಪಕ್ಕ ಇಡಿ. ಅಕ್ಷರಗಳು ಎರಡರಲ್ಲೂ ಒಂದೇ ಮಟ್ಟಿಗೆ ಮಸುಕಾಗಿದ್ದರೆ 4ಕೆ ಹೆಸರಿಗೆ ಮಾತ್ರ. ಆಗ 1080ಪಿಯನ್ನೇ ಬಳಸಿ, ಕಾರ್ಡಿನಲ್ಲಿ ಜಾಗವೂ ಬ್ಯಾಟರಿಯೂ ಉಳಿಯುತ್ತವೆ.

ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಎಂಬ ಮಾತನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಮೊಬೈಲಿನ ಸ್ಟಾಪ್‌ವಾಚನ್ನು ಓಡಿಸಿ ಅದರ ಮುಂದೆ ಕ್ಯಾಮೆರಾ ಇಟ್ಟು ಹತ್ತು ಸೆಕೆಂಡು ಚಿತ್ರೀಕರಿಸಿ. ವಿಎಲ್‌ಸಿ ಪ್ಲೇಯರಿನಲ್ಲಿ ಆ ತುಣುಕನ್ನು ತೆರೆದು ನಿಲ್ಲಿಸಿ, ಕೀಲಿಮಣೆಯ 'ಇ' ಅಕ್ಷರ ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದಕ್ಕೆ ಸರಿಯುತ್ತದೆ. ಪ್ರತಿ ಎರಡನೆಯ ಫ್ರೇಮಿನಲ್ಲೂ ಹಿಂದಿನ ಅಂಕಿಯೇ ಕಂಡರೆ ಕ್ಯಾಮೆರಾ 30 ಫ್ರೇಮನ್ನು ಎರಡೆರಡು ಬಾರಿ ಬರೆಯುತ್ತಿದೆ ಎಂದು ತಿಳಿಯಿರಿ.

ಈ ಪರೀಕ್ಷೆ ಏಕೆ ಮುಖ್ಯ ಎಂಬುದಕ್ಕೆ ಸಣ್ಣ ಲೆಕ್ಕ. ಬಾಣದ ವೇಗ ಸೆಕೆಂಡಿಗೆ 84 ಮೀಟರ್ ಎಂದುಕೊಳ್ಳೋಣ, ಇಂದಿನ ಕಾಂಪೌಂಡ್ ಬಿಲ್ಲಿಗೆ ಅದು ಸಾಮಾನ್ಯ. 30 ಫ್ರೇಮಿನಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬಾಣ 2.8 ಮೀಟರ್ ಹಾರಿರುತ್ತದೆ, 20 ಗಜದ ಇಡೀ ಪಯಣಕ್ಕೆ ಆರೇ ಫ್ರೇಮ್. 60 ಫ್ರೇಮಿನಲ್ಲಿ ಹದಿಮೂರು ಸಿಗುತ್ತವೆ. 120 ಇದ್ದರೆ ಇಪ್ಪತ್ತಾರು, ಆದರೆ ಅಷ್ಟು ವೇಗಕ್ಕೆ ಅಗ್ಗದ ಕ್ಯಾಮೆರಾಗಳು ಚಿತ್ರದ ಗಾತ್ರವನ್ನು ಬಹಳ ಇಳಿಸಿಬಿಡುತ್ತವೆ. ನನ್ನ ಆಯ್ಕೆ 1080ಪಿ, 60 ಫ್ರೇಮ್. ನಿಜವಾದ 4ಕೆಯಲ್ಲೇ 60 ಫ್ರೇಮ್ ಸಿಕ್ಕರೆ ಅದು ಇನ್ನೂ ಒಳ್ಳೆಯದು.

ಇನ್ನೊಂದು ಸಣ್ಣ ಪರೀಕ್ಷೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದೀರ್ಘ ಚಿತ್ರೀಕರಣವನ್ನು ಕ್ಯಾಮೆರಾ ತುಂಡು ತುಂಡು ಕಡತಗಳಾಗಿ ಉಳಿಸುತ್ತದೆ. ಕಾರ್ಡಿನಲ್ಲಿ ಕಡತಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ ಎಂಬುದು ಅದಕ್ಕೊಂದು ಕಾರಣ. ಒಂದು ಕಡತ ಮುಗಿದು ಮುಂದಿನದು ಆರಂಭವಾಗುವ ನಡುವೆ ಕೆಲವು ಮಾದರಿಗಳಲ್ಲಿ ಒಂದೆರಡು ಸೆಕೆಂಡು ಕಾಣೆಯಾಗುತ್ತದೆ. ಬಾಣದ ಪಯಣಕ್ಕೆ ಬೇಕಾದದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಸ್ಟಾಪ್‌ವಾಚನ್ನು ಎದುರಿಗಿಟ್ಟು ಮುಕ್ಕಾಲು ಗಂಟೆ ಚಿತ್ರೀಕರಿಸಿ, ಕಡತಗಳ ಅಂಚಿನಲ್ಲಿ ಎಷ್ಟು ಸಮಯ ಹಾರಿಹೋಗಿದೆ ನೋಡಿ. ಲೂಪ್ ರೆಕಾರ್ಡಿಂಗ್ ಇದ್ದರೆ ಅದನ್ನು ಆಫ್ ಮಾಡಿಯೇ ಬಿಡಿ. ಅದು ಕೆಲವೇ ನಿಮಿಷಕ್ಕೊಮ್ಮೆ ಕಡತ ಕತ್ತರಿಸುತ್ತದೆ, ಕಾರ್ಡ್ ತುಂಬಿದಾಗ ಹಳೆಯದನ್ನು ಅಳಿಸುತ್ತದೆ.

ಇಪ್ಪತ್ತು ಗಜದ ಪರೀಕ್ಷೆ

ಇದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಮೇಜಿನ ಮೇಲೆ ಗೆದ್ದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಇಲ್ಲಿ ಸೋಲುತ್ತವೆ.

ರಟ್ಟಿನಲ್ಲಿ ಜಿಂಕೆಯ ಮೈಯಷ್ಟು, ಅಂದರೆ ಒಂದೂವರೆ ಮೀಟರ್ ಉದ್ದದ ಆಕಾರ ಕತ್ತರಿಸಿ, ಒಣಗಿದ ಹುಲ್ಲಿನ ಕಂದು ಬಣ್ಣ ಬಳಿಯಿರಿ. 3ಡಿ ಗುರಿ ಇದ್ದರೆ ಇನ್ನೂ ಅನುಕೂಲ. ಅದರ ಮೈಮೇಲೆ ಮೂರು ಕಡೆ ಅಂಗೈ ಅಗಲದ ಕಾಗದ ಅಂಟಿಸಿ: ಮುಂಗಾಲಿನ ಹಿಂದೆ ಒಂದು, ಪಕ್ಕೆಲುಬು ಮುಗಿಯುವಲ್ಲಿ ಒಂದು, ಹೊಟ್ಟೆಯ ನಡುವೆ ಒಂದು. ಕಾಗದದ ಬಣ್ಣ ಮೈಬಣ್ಣಕ್ಕಿಂತ ತುಸುವೇ ತಿಳಿಯಾಗಿರಲಿ. ಬಿಳಿ ಹಾಳೆ ಬೇಡ, ಅದು ಯಾವ ಕ್ಯಾಮೆರಾದಲ್ಲಾದರೂ ಕಾಣುತ್ತದೆ. ಗುರಿಯನ್ನು 10, 15, 20, 25 ಗಜಗಳಲ್ಲಿ ನಿಲ್ಲಿಸುತ್ತಾ, ಕ್ಯಾಮೆರಾದಲ್ಲಿರುವ ಪ್ರತಿ ದೃಶ್ಯಕೋನದಲ್ಲೂ ಹತ್ತು ಸೆಕೆಂಡಿನಂತೆ ಚಿತ್ರೀಕರಿಸಿ. ಪ್ರತಿ ತುಣುಕಿನ ಆರಂಭದಲ್ಲಿ ದೂರವನ್ನೂ ಸೆಟ್ಟಿಂಗನ್ನೂ ಬಾಯಲ್ಲಿ ಹೇಳಿ. ಇಲ್ಲವಾದರೆ ಮನೆಗೆ ಬಂದ ಮೇಲೆ ಯಾವುದು ಯಾವುದೆಂದು ತಿಳಿಯದೆ ಅರ್ಧ ದಿನ ವ್ಯರ್ಥವಾಗುತ್ತದೆ.

ಏನು ನಿರೀಕ್ಷಿಸಬೇಕು? 90 ಡಿಗ್ರಿ ಕೋನದ ನೇರ ನೋಟದಲ್ಲಿ 18 ಮೀಟರ್ (ಸುಮಾರು 20 ಗಜ) ದೂರದಲ್ಲಿ ಕ್ಯಾಮೆರಾ ಕಾಣುವ ಅಗಲ 36 ಮೀಟರ್. ಒಂದೂವರೆ ಮೀಟರಿನ ಜಿಂಕೆ ಅದರಲ್ಲಿ ಇಪ್ಪತ್ತನಾಲ್ಕನೆಯ ಒಂದು ಪಾಲು. 1080ಪಿಯ 1920 ಪಿಕ್ಸೆಲ್ ಅಗಲದಲ್ಲಿ ಅದಕ್ಕೆ ದಕ್ಕುವುದು 80 ಪಿಕ್ಸೆಲ್, 4ಕೆಯಲ್ಲಿ 160. ಪೆಟ್ಟಿಗೆಯ ಮೇಲೆ ಹೆಮ್ಮೆಯಿಂದ ಬರೆದಿರುವ 170 ಡಿಗ್ರಿ ನೋಟವನ್ನು ಬಳಸಿದರೆ ಜಿಂಕೆ ಇನ್ನೂ ಚಿಕ್ಕದಾಗುತ್ತದೆ. ಅಂಗೈ ಅಗಲದ ನಮ್ಮ ಕಾಗದ ಆಗ ಕೆಲವೇ ಪಿಕ್ಸೆಲ್‌ಗಳಾಗಿ ಕರಗಿಹೋಗುತ್ತದೆ. ಆದ್ದರಿಂದ ಕಿರಿದಾದ ನೋಟ ಅಥವಾ ಲೀನಿಯರ್ (ಅಂಚುಗಳ ಬಾಗು ತೆಗೆದ ನೋಟ) ಎಂಬ ಆಯ್ಕೆ ಇಲ್ಲದ ಕ್ಯಾಮೆರಾವನ್ನು ಬಿಲ್ಲಿನ ಮೇಲೆ ಕೂರಿಸಲು ನಾನು ಸಲಹೆ ಕೊಡುವುದಿಲ್ಲ. ಅಂಥದ್ದನ್ನು ನಿಮ್ಮ ಮುಖದ ಕಡೆ ತಿರುಗಿಸಿ ಕೊಂಬೆಗೆ ಕಟ್ಟಿ. ಹೆದೆ ಎಳೆಯುವ, ಬಿಡುವ, ಆಮೇಲೆ ಉಸಿರು ಬಿಡುವ ದೃಶ್ಯಕ್ಕೆ ಅದು ಚೆನ್ನಾಗಿ ಒದಗುತ್ತದೆ.

ತುಣುಕುಗಳನ್ನು ದೊಡ್ಡ ಪರದೆಯಲ್ಲಿ ನೋಡುವಾಗ ನಿಮಗೆ ನೀವೇ ಪ್ರಾಮಾಣಿಕರಾಗಿರಿ. ಕಾಗದ ಎಲ್ಲಿದೆ ಎಂದು ನಿಮಗೆ ಮೊದಲೇ ಗೊತ್ತಿರುವುದರಿಂದ ಕಣ್ಣು ಅದನ್ನು ಹುಡುಕಿಕೊಳ್ಳುತ್ತದೆ. ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಕಾಗದ ಎಷ್ಟಿವೆ, ಎಲ್ಲಿವೆ ಎಂದು ಕೇಳಿ. ಅವರಿಗೆ ಕಂಡ ಅತಿ ಹೆಚ್ಚಿನ ದೂರವೇ ಆ ಕ್ಯಾಮೆರಾದ ನಿಜವಾದ ಮಿತಿ. ಆ ಅಂಕಿಯನ್ನು ಕ್ಯಾಮೆರಾದ ಹಿಂಬದಿಗೆ ಅಂಟುಪಟ್ಟಿಯ ಮೇಲೆ ಬರೆದಿಡುವುದು ನನ್ನ ಅಭ್ಯಾಸ.

ಇದೇ ತುಣುಕುಗಳಲ್ಲಿ ಮಸೂರದ ಗುಣವನ್ನೂ ನೋಡಬಹುದು. ಆಕ್ಷನ್ ಕ್ಯಾಮೆರಾಗಳ ಫೋಕಸ್ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಸ್ಥಿರಗೊಂಡಿರುತ್ತದೆ. ಹತ್ತಿರದ ಎಲೆ ಸ್ಪಷ್ಟವಾಗಿದ್ದು 20 ಗಜದ ಗುರಿ ಮಸುಕಾಗಿದ್ದರೆ, ಅಥವಾ ಚಿತ್ರದ ಎಡಭಾಗ ಸರಿಯಿದ್ದು ಬಲಭಾಗ ಕದಡಿದ್ದರೆ, ಮಸೂರ ಸರಿಯಾಗಿ ಕೂತಿಲ್ಲ. ನೀವು ಸರಿಪಡಿಸಬಹುದಾದ ದೋಷ ಇದಲ್ಲ. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಬದಲಿಸಿಕೊಳ್ಳಿ.

ಮುಸ್ಸಂಜೆ

ಜಿಂಕೆಗಳು ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಹೆಚ್ಚು ಓಡಾಡುತ್ತವೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಅವಕಾಶವಿದೆ. ಉಗುರಿನಷ್ಟು ಚಿಕ್ಕ ಸೆನ್ಸರಿನ ಕ್ಯಾಮೆರಾಗೆ ಇದೇ ಅತ್ಯಂತ ಕಷ್ಟದ ಹೊತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಮಾದರಿ ದೃಶ್ಯಗಳನ್ನು ನೋಡಿ ಕ್ಯಾಮೆರಾ ಕೊಂಡರೆ ಇಲ್ಲಿ ನಿರಾಶೆ ಖಂಡಿತ.

ಗುರಿಯನ್ನು ಮರದ ನೆರಳಿನಲ್ಲಿ 20 ಗಜಕ್ಕೆ ನಿಲ್ಲಿಸಿ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲು ಆರಂಭಿಸಿ, ಅರ್ಧ ಗಂಟೆ ನಂತರದವರೆಗೆ ಐದೈದು ನಿಮಿಷಕ್ಕೊಂದು ತುಣುಕು ತೆಗೆಯಿರಿ. ಪ್ರತಿ ಸಲವೂ ಗುರಿಗೆ ಬಾಣ ಬಿಡಿ, ಬಿಲ್ಲುಗಾರನಿಗೆ ಗುರಿ ಸ್ಪಷ್ಟವಾಗಿ ಕಾಣುವವರೆಗೆ ಮಾತ್ರ. ನಿಂತ ರಟ್ಟು ಕಾಣುವ ಬೆಳಕಿನಲ್ಲಿ ಹಾರುವ ಬಾಣ ಕಾಣಬೇಕೆಂದೇನೂ ಇಲ್ಲ. ಬೆಳಕು ಕುಂದಿದಂತೆ ಕ್ಯಾಮೆರಾ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಕಣ್ಣು ತೆರೆದಿಡುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಬಾಣ ಸರಿಯುವುದು ಎಂಟು ಸೆಂಟಿಮೀಟರ್ ಚಿಲ್ಲರೆ. ಮೂವತ್ತರ ಒಂದು ಭಾಗದಲ್ಲಿ ಅದು 2.8 ಮೀಟರ್ ಉದ್ದದ ಮಾಸಲು ಗೆರೆಯಾಗಿ, ಹಿನ್ನೆಲೆಯಲ್ಲಿ ಕರಗಿ ಕಾಣದಂತಾಗುತ್ತದೆ.

ಈ ತೊಡಕಿಗೆ ನನಗೆ ಸಿಕ್ಕ ಅತ್ಯುತ್ತಮ ಪರಿಹಾರ ಬಾಣದ ಹಿಂತುದಿಗೆ ಹಾಕುವ ಬೆಳಗುವ ನಾಕ್, ಅಂದರೆ ಬಾಣವನ್ನು ಹೆದೆಗೆ ಸಿಕ್ಕಿಸುವ ಪುಟ್ಟ ತುಂಡು. ಹೆದೆ ಬಿಟ್ಟ ಕೂಡಲೇ ಅದು ಹೊತ್ತಿಕೊಳ್ಳುತ್ತದೆ. ಮಬ್ಬಿನಲ್ಲಿ ಕ್ಯಾಮೆರಾಗೆ ಅದು ಒಂದು ಕೆಂಪು ಅಥವಾ ಹಸಿರು ಗೆರೆಯಾಗಿ ಕಾಣುತ್ತದೆ, ಆ ಗೆರೆ ಎಲ್ಲಿ ನಿಂತಿತೋ ಅಲ್ಲೇ ಬಾಣ ತಗುಲಿದೆ. ಬಾಣ ಪ್ರಾಣಿಯನ್ನು ಹಾದುಹೋದರೆ ಗೆರೆ ಒಂದು ಕಡೆ ಮರೆಯಾಗಿ ಆಚೆ ಮತ್ತೆ ಮೂಡುತ್ತದೆ. ನಾಕ್ ಬದಲಿಸಿದರೆ ಬಾಣದ ಹಿಂಭಾಗದ ತೂಕ ಹೆಚ್ಚುತ್ತದೆ, ಹಾಗಾಗಿ ಅದೇ ನಾಕ್ ಹಾಕಿದ ಬಾಣದಿಂದಲೇ ಅಭ್ಯಾಸ ಮಾಡಿ.

ಸೆಟ್ಟಿಂಗ್‌ಗಳಲ್ಲಿ ಐಎಸ್‌ಒ ಗರಿಷ್ಠ ಮಿತಿ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮವಾಗಬಹುದೆಂಬ ಮಿತಿ) ಎಂಬುದಿದ್ದರೆ 400, 800, 1600 ಮೂರನ್ನೂ ಒಂದೇ ಸಂಜೆ ಹೋಲಿಸಿ. ಕಡಿಮೆ ಇಟ್ಟರೆ ಚಿತ್ರ ಕಪ್ಪಾಗುತ್ತದೆ, ಹೆಚ್ಚು ಇಟ್ಟರೆ ಜಿಂಕೆಯ ಮೈಯೂ ಹಿಂದಿನ ಪೊದೆಯೂ ಒಂದೇ ಕಾಳುಕಾಳಾದ ಬೂದಿಯಾಗುತ್ತವೆ. ನನಗೆ ಬಹುತೇಕ 800 ಸರಿಬಂದಿದೆ. ಅಲುಗಾಟ ತಗ್ಗಿಸುವ ಇಐಎಸ್ ಅನ್ನು ಕತ್ತಲಾಗುತ್ತಿದ್ದಂತೆ ಆರಿಸುವುದು ಒಳ್ಳೆಯದು. ಮಸುಕಾದ ಫ್ರೇಮ್‌ಗಳನ್ನು ಅದು ಹಿಡಿದು ನಿಲ್ಲಿಸಲು ಹೋಗಿ ಇಡೀ ಚಿತ್ರ ನಡುಗಿದಂತೆ ಕಾಣುತ್ತದೆ.

ಚಳಿ ಮತ್ತು ಬ್ಯಾಟರಿ

ನನ್ನನ್ನು ಕೈಬಿಟ್ಟದ್ದು ಇದೇ, ಹಾಗಾಗಿ ಇಲ್ಲಿ ತುಸು ನಿಧಾನಿಸುತ್ತೇನೆ.

ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ 900ರಿಂದ 1050 ಎಂಎಎಚ್ ಬ್ಯಾಟರಿ ಇರುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಅದು ಒಂದು ಗಂಟೆಯಿಂದ ಒಂದೂವರೆ ಗಂಟೆ ಓಡಬಹುದು. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಒಳತಡೆ ಹೆಚ್ಚಿ, ವೋಲ್ಟೇಜ್ ಬೇಗ ಕುಸಿಯುತ್ತದೆ. ಪರದೆಯ ಮೇಲೆ ಅರ್ಧ ಬ್ಯಾಟರಿ ತೋರಿಸುತ್ತಿದ್ದ ಕ್ಯಾಮೆರಾ ಮರುನಿಮಿಷ ಆರಿಹೋಗುವುದು ಹೀಗೆ.

ಮೊದಲು ಕೋಣೆಯಲ್ಲಿ ಪೂರ್ತಿ ಚಾರ್ಜ್ ಮಾಡಿ, ಆರುವವರೆಗೆ ಓಡಿಸಿ ಸಮಯ ಬರೆದುಕೊಳ್ಳಿ. ಮರುದಿನ ಮತ್ತೆ ಚಾರ್ಜ್ ಮಾಡಿದ ಕ್ಯಾಮೆರಾವನ್ನು ಗಾಳಿ ತೆಗೆದ ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡು ಗಂಟೆ ಇಟ್ಟು, ಅಲ್ಲೇ ರೆಕಾರ್ಡಿಂಗ್ ಆರಂಭಿಸಿ. ಹಿಮ ಬೀಳುವ ಋತುವಿನಲ್ಲಿ ಬೇಟೆಯಾಡುವವರು ಫ್ರೀಜರಿನಲ್ಲೂ ಮಾಡಬೇಕು. ಹೊರತೆಗೆದ ಮೇಲೆ ಒಂದು ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಗಾಳಿಯ ತೇವ ಕ್ಯಾಮೆರಾದೊಳಗೆ ಹನಿಗಟ್ಟುತ್ತದೆ. ಹೆಪ್ಪುಗಟ್ಟುವಷ್ಟು ತಣ್ಣಗಿರುವ ಬ್ಯಾಟರಿಯನ್ನು ಚಾರ್ಜ್ ಮಾಡುವುದೂ ಬೇಡ, ಅದಕ್ಕೆ ಶಾಶ್ವತ ಹಾನಿಯಾಗುತ್ತದೆ.

ಎರಡು ಅಂಕಿಗಳೂ ಕೈಗೆ ಬಂದ ಮೇಲೆ ಯೋಜನೆ ಮಾಡಿ. ಸಂಜೆ ಮೂರು ಗಂಟೆ ಅಟ್ಟಣೆಯಲ್ಲಿ ಕೂರುವವರಿಗೆ ಇಡೀ ಹೊತ್ತು ರೆಕಾರ್ಡಿಂಗ್ ಮಾಡಲು ಒಂದು ಬ್ಯಾಟರಿ ಸಾಲದು. ಹಗಲೆಲ್ಲ ಕ್ಯಾಮೆರಾ ಆರಿಸಿಟ್ಟು, ಕಾನೂನುಬದ್ಧ ಸಮಯದ ಕೊನೆಯ ಮುಕ್ಕಾಲು ಗಂಟೆಗೆ ಹೊಸ ಬ್ಯಾಟರಿ ಹಾಕಿ ನಿರಂತರ ಓಡಿಸುವುದು ಒಂದು ದಾರಿ. ಜಿಂಕೆ ಕಂಡಾಗ ಮಾತ್ರ ಆನ್ ಮಾಡುವುದು ಇನ್ನೊಂದು. ಅದಕ್ಕೆ ಮೊದಲು, ಗುಂಡಿ ಒತ್ತಿದ ಕ್ಷಣದಿಂದ ನಿಜವಾಗಿ ಚಿತ್ರ ದಾಖಲಾಗುವವರೆಗೆ ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆಯಿರಿ. ಆರು ಸೆಕೆಂಡು ಹಿಡಿಯುವ ಕ್ಯಾಮೆರಾ ಈ ಎರಡನೆಯ ದಾರಿಗೆ ನಾಲಾಯಕ್. ನಾನು ಮೊದಲನೆಯದನ್ನೇ ಅನುಸರಿಸುತ್ತೇನೆ. ಬದಲಿ ಬ್ಯಾಟರಿ ಅಂಗಿಯ ಒಳಜೇಬಿನಲ್ಲಿ, ಮೈಯ ಬಿಸಿ ತಾಗುವಂತೆ ಇರುತ್ತದೆ.

ಪವರ್ ಬ್ಯಾಂಕ್ ಜೋಡಿಸುವ ಯೋಚನೆಯಿದ್ದರೆ ಅದನ್ನೂ ಮನೆಯಲ್ಲೇ ನೋಡಿ. ಕೇಬಲ್ ಸಿಕ್ಕಿಸಿದೊಡನೆ ಕೆಲವು ಕ್ಯಾಮೆರಾಗಳು ರೆಕಾರ್ಡಿಂಗ್ ನಿಲ್ಲಿಸಿ, ಕಂಪ್ಯೂಟರಿಗೆ ಜೋಡಿಸಲಾಗಿದೆ ಎಂದು ಭಾವಿಸಿ ಕೂರುತ್ತವೆ. ಕೇಬಲ್ ಇರುವ ಕ್ಯಾಮೆರಾ ಕೊಂಬೆಯ ಮೇಲೆ ಸರಿ, ಬಿಲ್ಲಿನ ಮೇಲೆ ಬೇಡವೇ ಬೇಡ. ಹೆದೆಯ ದಾರಿಯಲ್ಲಿ ತೂಗಾಡುವ ಯಾವ ವಸ್ತುವೂ ಅಪಾಯ.

ಸದ್ದು

ರಾತ್ರಿ ಎಲ್ಲರೂ ಮಲಗಿದ ಮೇಲೆ ಕ್ಯಾಮೆರಾವನ್ನು ಕಿವಿಯಿಂದ ಒಂದು ಮೀಟರ್ ದೂರದಲ್ಲಿಟ್ಟು ಆನ್ ಮಾಡಿ, ರೆಕಾರ್ಡ್ ಮಾಡಿ, ಆಫ್ ಮಾಡಿ. ಬೀಪ್ ಆರಿಸಿದ ಮೇಲೂ ಕೆಲವು ಮಾದರಿಗಳು ಆನ್ ಆಗುವಾಗ ರಾಗ ಹಾಡುತ್ತವೆ. ಗುಂಡಿಯ ಟಕ್ ಸದ್ದು, ಜಲನಿರೋಧಕ ಕವಚದ ಕೊಂಡಿ ಬಿಗಿಯುವ ಸದ್ದು ಎಲ್ಲವನ್ನೂ ಕೇಳಿಸಿಕೊಳ್ಳಿ. ಆ ರಾಗವನ್ನು ಆರಿಸಲಾಗದಿದ್ದರೆ, ಸ್ಪೀಕರಿನ ರಂಧ್ರಕ್ಕೆ ದಪ್ಪ ಅಂಟುಪಟ್ಟಿ ಹಾಕುವುದು ಅರ್ಧ ಪರಿಹಾರ ಮಾತ್ರ.

ಕ್ಯಾಮೆರಾ ದಾಖಲಿಸುವ ಸದ್ದಿಗೂ ಬೆಲೆಯಿದೆ. ಬಾಣ ಎದೆಗೂಡಿಗೆ ಹೊಕ್ಕಾಗಿನ ಸದ್ದು, ಮೂಳೆಗೆ ಬಡಿದಾಗಿನ ಟಕ್ ಸದ್ದು, ಹೊಟ್ಟೆಗೆ ಹೊಕ್ಕಾಗಿನ ಮೆತ್ತನೆಯ ಸದ್ದು ಬೇರೆ ಬೇರೆ ಎಂಬುದನ್ನು ಅನುಭವಿಗಳು ಬಲ್ಲರು. ಮುಚ್ಚಿದ ಜಲನಿರೋಧಕ ಕವಚ ಇದನ್ನೆಲ್ಲ ನುಂಗುತ್ತದೆ. ಮಳೆಯಿಲ್ಲದ ದಿನ ಕವಚ ಬಿಟ್ಟು ತೆರೆದ ಚೌಕಟ್ಟಿನಲ್ಲಿ ಕ್ಯಾಮೆರಾ ಕೂರಿಸಿ, ಮೈಕ್ ರಂಧ್ರದ ಮೇಲೆ ತೆಳು ಸ್ಪಂಜಿನ ತುಂಡು ಅಂಟಿಸಿದರೆ ಗಾಳಿಯ ಗೊರಗೊರವೂ ತಗ್ಗುತ್ತದೆ.

ಬಿಲ್ಲಿನ ಮೇಲೆ ಕೂರಿಸುವುದು

ಬಿಲ್ಲಿನ ಮುಂಭಾಗದಲ್ಲಿ ಸ್ಟೆಬಿಲೈಸರ್ (ಬಿಲ್ಲನ್ನು ಸ್ಥಿರವಾಗಿಡುವ ಕೋಲು) ಕೂರುವ ತೂತಿನ ತಿರುಪಿನ ಸುತ್ತು 5/16-24 ಅಳತೆಯದು, ಅಂದರೆ ವ್ಯಾಸ 5/16 ಇಂಚು, ಇಂಚಿಗೆ 24 ಸುತ್ತು. ಟ್ರೈಪಾಡ್‌ಗಳಲ್ಲಿ ಬಳಸುವ ಸ್ಕ್ರೂ 1/4-20. ಇವೆರಡನ್ನೂ ಬೆಸೆಯುವ ಲೋಹದ ಜೋಡಣೆ ಸಿಗುತ್ತದೆ, ಪ್ಲಾಸ್ಟಿಕ್ಕಿನದು ಬೇಡ. ಆಕ್ಷನ್ ಕ್ಯಾಮೆರಾ ಕಂಪನಿ ಗೋಪ್ರೋ ರೂಢಿಗೆ ತಂದ ಬೆರಳು ಬೆಸೆದಂಥ ಹಿಡಿಕೆಯೇ ಹೆಚ್ಚಿನ ಅಗ್ಗದ ಕ್ಯಾಮೆರಾಗಳಲ್ಲೂ ಇರುವುದರಿಂದ ಬಿಡಿಭಾಗಗಳಿಗೆ ಕೊರತೆಯಿಲ್ಲ.

ಕ್ಯಾಮೆರಾ ಕೂರಿಸಿದ ಮೇಲೆ ಹತ್ತು ಬಾಣ ಬಿಟ್ಟು ಅವುಗಳ ಗುಂಪು ಗುರಿಯ ಮೇಲೆ ಎಲ್ಲಿ ಬೀಳುತ್ತದೆ ನೋಡಿ. ನೂರು ಗ್ರಾಂ ಆಸುಪಾಸಿನ ತೂಕ ಕೈಯಿಂದ ಮುಂದಕ್ಕೆ ಕೂತರೆ ಬಿಲ್ಲಿನ ಸಮತೋಲ ಬದಲಾಗುತ್ತದೆ. ಗುಂಪು ಸರಿದಿದ್ದರೆ ಗುರಿ ನೋಡುವ ಸೈಟನ್ನು ಹೊಂದಿಸಿಕೊಳ್ಳಿ, ಮತ್ತು ಋತು ಮುಗಿಯುವವರೆಗೆ ಕ್ಯಾಮೆರಾವನ್ನು ಅಲ್ಲಿಂದ ತೆಗೆಯಬೇಡಿ. ಗುಂಪು ಚದುರಿದ್ದರೆ, ಎಷ್ಟು ಅಭ್ಯಾಸ ಮಾಡಿದರೂ ಕೂಡದಿದ್ದರೆ, ಕ್ಯಾಮೆರಾ ಬಿಲ್ಲಿನಿಂದ ಇಳಿಯಲೇಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಐವತ್ತು ಬಾಣಗಳ ನಂತರ ಸ್ಕ್ರೂಗಳನ್ನು ಮುಟ್ಟಿ ನೋಡಿ. ಹೆದೆಯ ಪ್ರತಿ ಬಿಡುಗಡೆಯ ಅದುರು ಅವುಗಳನ್ನು ಸಡಿಲಿಸುತ್ತದೆ. ಅದೇ ಅದುರು ಚಿತ್ರವನ್ನೂ ಲೋಳೆಯಂತೆ ಅಲೆಯಾಡಿಸುತ್ತದೆ. ಜೋಡಣೆಯ ನಡುವೆ ರಬ್ಬರ್ ವಾಷರ್ ಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಇನ್ನೂ ಮುಖ್ಯವಾದ ಸಂಗತಿ, ಬಾಣ ಬಿಟ್ಟ ಕೂಡಲೇ ಬಿಲ್ಲು ಕೆಳಗೆ ಬಾಗಿದರೆ ಬಾಣ ತಗುಲುವ ಗಳಿಗೆಯೇ ಚಿತ್ರದಿಂದ ಆಚೆ ಹೋಗುತ್ತದೆ. ಬಾಣ ಗುರಿ ಸೇರುವವರೆಗೆ ಬಿಲ್ಲುತೋಳನ್ನು ಇದ್ದಲ್ಲೇ ಇಡುವುದು ಒಳ್ಳೆಯ ಬಿಲ್ಲುಗಾರಿಕೆಯ ಮೊದಲ ಪಾಠ. ಎಷ್ಟೋ ವರ್ಷ ನಾನು ತೋಳು ಬೇಗ ಇಳಿಸುತ್ತಿದ್ದೆ ಎಂಬುದನ್ನು ನನಗೆ ತೋರಿಸಿದ್ದು ಈ ಕ್ಯಾಮೆರಾವೇ.

ಟೊಪ್ಪಿಗೆಗೆ ಅಥವಾ ತಲೆಪಟ್ಟಿಗೆ ಹಾಕುವವರು, ಪೂರ್ತಿ ಎಳೆದ ಹೆದೆ ಅದಕ್ಕೆ ತಾಗುವುದೇ ಎಂದು ಬಾಣವಿಟ್ಟು ನಿಧಾನವಾಗಿ ಎಳೆದು, ನಿಧಾನವಾಗಿ ಇಳಿಸಿ ನೋಡಬೇಕು. ಬಾಣವಿಲ್ಲದೆ ಹೆದೆ ಬಿಡುವುದು ಬಿಲ್ಲನ್ನೇ ಒಡೆಯಬಹುದು.

ನಿಯಮ ಪುಸ್ತಕವನ್ನೂ ಈ ಹಂತದಲ್ಲೇ ತೆರೆಯಿರಿ. ಬಿಲ್ಲಿಗೆ ವಿದ್ಯುನ್ಮಾನ ಸಾಧನ ಜೋಡಿಸುವ ಬಗ್ಗೆ ಪ್ರತಿ ರಾಜ್ಯದ ನಿಯಮ ಬೇರೆ. ಬಿಲ್ಲುಬೇಟೆಯ ದಾಖಲೆಗಳನ್ನು ಇಡುವ ಪೋಪ್ ಅಂಡ್ ಯಂಗ್ ಕ್ಲಬ್, ಬೆಳಗುವ ನಾಕ್ ಮತ್ತು ಗುರಿಯತ್ತ ಬೆಳಕು ಚೆಲ್ಲದ, ಗುರಿಯಿಡಲು ನೆರವಾಗದ ಚಿತ್ರೀಕರಣ ಸಾಧನಗಳನ್ನು ಒಪ್ಪುತ್ತದೆ. ಆದರೆ ರಾಜ್ಯದ ಕಾನೂನು ಬೇಡವೆಂದರೆ ಕ್ಲಬ್ಬಿನ ಒಪ್ಪಿಗೆ ನಿಮ್ಮನ್ನು ಕಾಯುವುದಿಲ್ಲ.

ಕೊನೆಯ ತಾಲೀಮು

ಋತು ಆರಂಭವಾಗುವ ಒಂದು ವಾರ ಮೊದಲು ಎಲ್ಲವನ್ನೂ ಒಟ್ಟಿಗೆ ಮಾಡಿ ನೋಡಿ. ಬೇಟೆಯ ಬಟ್ಟೆ, ಕೈಗವಸು, ಸುರಕ್ಷಾ ಪಟ್ಟಿ ಎಲ್ಲ ತೊಟ್ಟು, ಕತ್ತಲಿರುವಾಗಲೇ ಅಟ್ಟಣೆ ಹತ್ತಿ. ಬಿಲ್ಲನ್ನು ಕೆಳಗೇ ಬಿಟ್ಟು, ಪಟ್ಟಿ ಬಿಗಿದ ಮೇಲೆ ಹಗ್ಗದಿಂದ ಎಳೆದುಕೊಳ್ಳಿ. ಕೊಂಬೆಯ ಕ್ಯಾಮೆರಾ ಕಟ್ಟಲು ಮೈ ಹೊರಚಾಚಬೇಕಾಗಿ ಬಂದರೆ ಜಾಗ ಬದಲಿಸಿ. ದೃಶ್ಯ ಚೆನ್ನಾಗಿ ಬರುತ್ತದೆಂದು ಅಟ್ಟಣೆಯಾಚೆ ವಾಲುವುದು ಬೇಡ. ಕೈಗವಸಿನ ಬೆರಳಿನಿಂದ, ಕಣ್ಣು ಗುರಿಯ ಮೇಲಿಟ್ಟೇ ರೆಕಾರ್ಡ್ ಗುಂಡಿ ಒತ್ತಲು ಬರುತ್ತದೆಯೇ? ಗುಂಡಿ ತಿಳಿಯುವಂತೆ ಅದರ ಮೇಲೆ ಒಂದು ಚುಕ್ಕೆ ಅಂಟು ಹಾಕಿ ಒಣಗಿಸಿದರೆ ಬೆರಳಿಗೆ ದಾರಿ ಸಿಗುತ್ತದೆ. ಹತ್ತು ಸಲ ಪ್ರಯತ್ನಿಸಿ, ಹತ್ತೂ ಸಲ ರೆಕಾರ್ಡ್ ಆಗಿರಬೇಕು.

ಬಾಣ ಬಿಟ್ಟು, ಅಟ್ಟಣೆಯಲ್ಲೇ ಕೂತು, ಆ ತುಣುಕನ್ನು ಮೊಬೈಲಿನಲ್ಲಿ ನೋಡಲು ಯತ್ನಿಸಿ. ಕ್ಯಾಮೆರಾದ ಎರಡಂಗುಲದ ಪರದೆಯಲ್ಲಿ ಏನೂ ತಿಳಿಯದು. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ತೆರೆದು ನೋಡಿ; ಇಂಟರ್ನೆಟ್ ಇಲ್ಲದೆ ತೆರೆದುಕೊಳ್ಳದ ಆ್ಯಪ್‌ಗಳಿವೆ, ಕಾಡಿನಲ್ಲಿ ಅವು ನಿಷ್ಪ್ರಯೋಜಕ. ಅಂಥ ಸಂದರ್ಭಕ್ಕೆ ಮೊಬೈಲಿಗೇ ಸಿಕ್ಕಿಸುವ ಕಾರ್ಡ್ ರೀಡರ್ ಒಂದನ್ನು ಜೇಬಿನಲ್ಲಿಡಿ.

ನಿಜವಾದ ಬೇಟೆಯ ದಿನವೂ ಇದೇ ಕ್ರಮ. ಬಾಣ ಬಿಟ್ಟ ಮೇಲೆ ಕ್ಯಾಮೆರಾ ಕನಿಷ್ಠ ಎರಡು ನಿಮಿಷ ಓಡುತ್ತಿರಲಿ. ಜಿಂಕೆ ಕೊನೆಯದಾಗಿ ಕಂಡ ಮರವನ್ನು, ಅದು ಬಿದ್ದ ಸದ್ದು ಕೇಳಿದ ದಿಕ್ಕನ್ನು ಬಾಯಲ್ಲಿ ಪಿಸುಗುಟ್ಟಿ ದಾಖಲಿಸಿ. ಆಮೇಲೆ ಕೂತಲ್ಲೇ ತುಣುಕು ನೋಡಿ. ಬಾಣ ಹೃದಯ ಅಥವಾ ಶ್ವಾಸಕೋಶದ ಭಾಗಕ್ಕೆ ಹೊಕ್ಕಿದ್ದರೆ ಅರ್ಧ ಗಂಟೆ ಕಾದು ಇಳಿಯಬಹುದು. ಯಕೃತ್ತಿನ ಜಾಗವೆನಿಸಿದರೆ ನಾಲ್ಕು ಗಂಟೆಗೆ ಕಡಿಮೆಯಿಲ್ಲದಂತೆ, ಹೊಟ್ಟೆಯಾದರೆ ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು. ತುಣುಕಿನಲ್ಲಿ ಸ್ಪಷ್ಟವಾಗದಿದ್ದರೆ ಕೆಟ್ಟದ್ದನ್ನೇ ಊಹಿಸಿ ಹೆಚ್ಚು ಕಾಯಿರಿ. ಜಾಡು ಹಿಡಿಯುವಾಗ ಮೊದಲ ನೆತ್ತರ ಹನಿ, ಸಿಕ್ಕ ಬಾಣದ ಮೇಲಿನ ಬಣ್ಣ ಎರಡನ್ನೂ ಅದೇ ಕ್ಯಾಮೆರಾದಿಂದ ತೆಗೆದಿಡಿ. ಕಾರ್ಡನ್ನು ಫಾರ್ಮ್ಯಾಟ್ ಮಾಡುವುದು ಮನೆಗೆ ಬಂದು ಕಡತಗಳು ಕಂಪ್ಯೂಟರಿನಲ್ಲಿ ತೆರೆದುಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆ.